ಬಿಡಿ ವಾಕ್ಯಗಳನ್ನು ಬೆಸೆಯುವುದು ಹೇಗೆ: ಕನ್ನಡದಲ್ಲಿ ಯೋಚಿಸುವವರಿಗೆ ಇಂಗ್ಲಿಷ್ ವ್ಯಾಕರಣದ ಮಾರ್ಗದರ್ಶಿ

ಕೋಲಾರದ ನಮ್ಮ ಮನೆಯಲ್ಲಿ ಸಂಜೆ ಆರಕ್ಕೆ ಟ್ಯೂಷನ್ ಶುರುವಾಗುತ್ತದೆ. ವೇಮಗಲ್ ಕಡೆಯಿಂದ ಬರುವ ಒಂಬತ್ತನೇ ತರಗತಿಯ ಹುಡುಗನೊಬ್ಬ ಹೋದ ತಿಂಗಳು ತಂದೆಯ ಬಗ್ಗೆ ಒಂದು ಪ್ಯಾರಾ ಬರೆದುಕೊಂಡು ಬಂದಿದ್ದ.

"ಮೈ ಫಾದರ್ ಇಸ್ ಎ ಫಾರ್ಮರ್. ಮೈ ಫಾದರ್ ಗ್ರೋಸ್ ಟೊಮ್ಯಾಟೋಸ್. ಮೈ ಮದರ್ ಪ್ಲಕ್ಸ್ ದಿ ಟೊಮ್ಯಾಟೋಸ್. ಮೈ ಗ್ರ್ಯಾಂಡ್‌ಮದರ್ ಪ್ಲಕ್ಸ್ ದಿ ಟೊಮ್ಯಾಟೋಸ್. ಮೈ ಫಾದರ್ ಪ್ಯಾಕ್ಸ್ ದೆಮ್ ಇನ್ ಬಾಕ್ಸಸ್. ಮೈ ಫಾದರ್ ಟೇಕ್ಸ್ ದೆಮ್ ಟು ದಿ ಮಾರ್ಕೆಟ್. ಯೆಸ್ಟರ್‌ಡೇ ದಿ ಪ್ರೈಸ್ ವಾಸ್ ಲೋ. ಹೀ ಸೋಲ್ಡ್ ದೆಮ್. ಹೀ ಡಿಡ್ ನಾಟ್ ಈಟ್ ಎನಿಥಿಂಗ್ ಅಟ್ ನೈಟ್."

ಕೆಂಪು ಪೆನ್ನಿಗೆ ಕೆಲಸವೇ ಇಲ್ಲ, ಒಂದೂ ತಪ್ಪಿಲ್ಲ. ಆದರೂ ಓದುತ್ತಾ ಹೋದರೆ ಜಲ್ಲಿ ಸುರಿದ ರಸ್ತೆಯಲ್ಲಿ ಸೈಕಲ್ ತುಳಿದ ಹಾಗಿದೆ. "ಇದನ್ನೇ ಕನ್ನಡದಲ್ಲಿ ಹೇಳಪ್ಪ" ಅಂದೆ. ಅವನು ತಡವರಿಸಲೇ ಇಲ್ಲ: "ನಮ್ಮಪ್ಪ ಟೊಮೇಟೊ ಬೆಳೀತಾರೆ ಮಿಸ್. ಅಮ್ಮನೂ ಅಜ್ಜಿನೂ ಬಿಡಿಸಿಕೊಟ್ರೆ ಅಪ್ಪ ಬಾಕ್ಸಿಗೆ ತುಂಬಿ ಮಾರ್ಕೆಟ್ಟಿಗೆ ಹಾಕ್ಕೊಂಡು ಬರ್ತಾರೆ. ನಿನ್ನೆ ರೇಟೇ ಇರ್ಲಿಲ್ಲ, ಆದ್ರೂ ಕೊಟ್ಟು ಬಂದ್ರು. ರಾತ್ರಿ ಊಟ ಮಾಡ್ಲಿಲ್ಲ."

ನೋಡಿ, ಜೋಡಿಸುವುದು ಅವನಿಗೆ ಚೆನ್ನಾಗಿ ಬರುತ್ತದೆ. ಕನ್ನಡದಲ್ಲಿ ನಾವು ಬೆಸುಗೆ ಹಾಕುವ ಜಾಗ ಒಂದು, ಇಂಗ್ಲಿಷ್‌ನಲ್ಲಿ ಬೆಸುಗೆ ಕೂರುವ ಜಾಗ ಇನ್ನೊಂದು. ಆ ವ್ಯತ್ಯಾಸ ಯಾರೂ ಹೇಳಿಕೊಡದ ಕಾರಣ ಮಕ್ಕಳು ಜೋಡಿಸುವ ಗೊಡವೆಗೇ ಹೋಗದೆ ಬಿಡಿ ಬಿಡಿಯಾಗಿ ಬರೆದು ಬಚಾವಾಗುತ್ತಾರೆ. ದೊಡ್ಡವರೂ ಅಷ್ಟೇ.

ಒಂದು ಮಾತು. ಇಲ್ಲಿ ಇಂಗ್ಲಿಷ್ ವಾಕ್ಯಗಳನ್ನೂ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಬಾಯಿಬಿಟ್ಟು ಓದಿ, ಆಮೇಲೆ ನಿಮ್ಮ ನೋಟ್‌ಬುಕ್ಕಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಳ್ಳಿ. ಸ್ಪೆಲ್ಲಿಂಗ್ ಅಭ್ಯಾಸ ಪುಕ್ಕಟೆ.

ಮೊದಲು ಪೆನ್ಸಿಲ್, ಆಮೇಲೆ ಆ್ಯಂಡ್

ಎರಡು ವಾಕ್ಯ ಕಂಡ ಕೂಡಲೇ ನಡುವೆ 'ಆ್ಯಂಡ್' ತುರುಕಬೇಡಿ. ಯಾರು ಅಥವಾ ಯಾವುದು ಮಾಡಿತೋ ಅದರ ಕೆಳಗೆ ಒಂದು ಗೆರೆ ಎಳೆಯಿರಿ, ಕ್ರಿಯಾಪದದ ಕೆಳಗೆ ಎರಡು ಗೆರೆ. ಒಂದು ಗೆರೆಯದ್ದು ಸಬ್ಜೆಕ್ಟ್. ಎರಡು ಗೆರೆಯ ಕ್ರಿಯಾಪದ ಮತ್ತು ಅದಕ್ಕೆ ಅಂಟಿಕೊಂಡ ಉಳಿದದ್ದೆಲ್ಲ ಪ್ರೆಡಿಕೇಟ್. ಕನ್ನಡ ವ್ಯಾಕರಣದಲ್ಲಿ ಉದ್ದೇಶ್ಯ, ವಿಧೇಯ ಅಂತ ಓದಿದ್ದು ಇದನ್ನೇ.

ಈಗ ಎರಡು ವಾಕ್ಯಗಳನ್ನು ಒಂದರ ಕೆಳಗೊಂದು ಬರೆದು ಹೋಲಿಸಿ. ಮಾಡಿದವರು ಬೇರೆ, ಕೆಲಸ ಒಂದೇ ಆದರೆ ಸಬ್ಜೆಕ್ಟ್‌ಗಳನ್ನು ಕೂಡಿಸಿ. ಮಾಡಿದವರು ಒಬ್ಬರೇ, ಕೆಲಸ ಎರಡು ಆದರೆ ಪ್ರೆಡಿಕೇಟ್‌ಗಳನ್ನು ಕೂಡಿಸಿ. ಎರಡೂ ಬೇರೆಯಾದರೆ ಪೂರ್ತಿ ವಾಕ್ಯಗಳನ್ನೇ ಕೂಡಿಸಬೇಕು. ಆಗ ಎರಡೂ ಸರಿಸಮವೋ, ಒಂದು ಇನ್ನೊಂದಕ್ಕೆ ಒರಗಿಕೊಂಡಿದೆಯೋ ಎಂದು ಕೇಳಿಕೊಳ್ಳಬೇಕು. ಸರಿಸಮವಾದರೆ ಅದು ನಮ್ಮ ಸಂಯೋಜಿತ ವಾಕ್ಯ, ಒರಗಿಕೊಂಡಿದ್ದರೆ ಮಿಶ್ರ ವಾಕ್ಯ. ಹೈಸ್ಕೂಲಿನ ಕನ್ನಡ ವ್ಯಾಕರಣದಲ್ಲಿ ಇದಿಷ್ಟೂ ಇದೆ. ಕನ್ನಡ ಪೀರಿಯಡ್ಡಿನಲ್ಲಿ ಕಲಿತದ್ದನ್ನು ಇಂಗ್ಲಿಷ್ ಪೀರಿಯಡ್ಡಿಗೆ ತರಬಾರದು ಅಂತ ಯಾರು ಹೇಳಿದರೋ ಗೊತ್ತಿಲ್ಲ, ಮಕ್ಕಳು ಮಾತ್ರ ತರುವುದೇ ಇಲ್ಲ.

ವಾಕ್ಯದೊಳಗಿನ ವಾಕ್ಯಕ್ಕೆ ಇಂಗ್ಲಿಷ್‌ನಲ್ಲಿ 'ಕ್ಲಾಸ್' ಅನ್ನುತ್ತಾರೆ. ತರಗತಿಯ ಕ್ಲಾಸಿನ ಜೊತೆ ಗೊಂದಲವಾಗದಿರಲಿ ಎಂದು ನಾನು ಉಪವಾಕ್ಯ ಅಂತಲೇ ಕರೆಯುತ್ತೇನೆ.

ಸಬ್ಜೆಕ್ಟ್‌ಗಳನ್ನು ಕೂಡಿಸುವುದು

"ಮಾಸ್ತಿ ವಾಸ್ ಫ್ರಮ್ ಕೋಲಾರ ಡಿಸ್ಟ್ರಿಕ್ಟ್. ಡಿವಿಜಿ ವಾಸ್ ಫ್ರಮ್ ಕೋಲಾರ ಡಿಸ್ಟ್ರಿಕ್ಟ್." ಒಬ್ಬರು ಮಾಲೂರು ತಾಲ್ಲೂಕಿನವರು, ಇನ್ನೊಬ್ಬರು ಮುಳಬಾಗಿಲಿನವರು. ಪ್ರೆಡಿಕೇಟ್ ಒಂದೇ. ಕೂಡಿಸಿದರೆ: "ಮಾಸ್ತಿ ಆ್ಯಂಡ್ ಡಿವಿಜಿ ವರ್ ಫ್ರಮ್ ಕೋಲಾರ ಡಿಸ್ಟ್ರಿಕ್ಟ್." 'ವಾಸ್' ಹೋಗಿ 'ವರ್' ಬಂತು. ಕನ್ನಡದಲ್ಲಿ ಅಮ್ಮ ಬಿಡಿಸುತ್ತಾಳೆ, ಅಮ್ಮನೂ ಅಜ್ಜಿಯೂ ಬಿಡಿಸುತ್ತಾರೆ ಅಂದ ಹಾಗೇ.

ಎಡವುವುದು ಎಸ್ ಅಕ್ಷರದ ಹತ್ತಿರ. ಹೆಸರಿಗೆ ಎಸ್ ಸೇರಿದರೆ ಬಹುವಚನ. ವರ್ತಮಾನದ ಕ್ರಿಯಾಪದಕ್ಕೆ ಎಸ್ ಸೇರಿದರೆ ಏಕವಚನ. "ಮೈ ಮದರ್ ಪ್ಲಕ್ಸ್" ಸರಿ. ಅಜ್ಜಿಯನ್ನು ಸೇರಿಸಿದ ಮೇಲೆ "ಮೈ ಮದರ್ ಆ್ಯಂಡ್ ಗ್ರ್ಯಾಂಡ್‌ಮದರ್ ಪ್ಲಕ್". ಜನ ಹೆಚ್ಚಾದರು, ಎಸ್ ಬಿದ್ದುಹೋಯಿತು.

ಕನ್ನಡದಲ್ಲಿ 'ಊ' ಪ್ರತಿ ಹೆಸರಿಗೂ ಬರುತ್ತದೆ: ಅಪ್ಪನೂ ಅಮ್ಮನೂ ಅಜ್ಜಿಯೂ. ಅದೇ ಗುಂಗಿನಲ್ಲಿ 'ಫಾದರ್ ಆ್ಯಂಡ್ ಮದರ್ ಆ್ಯಂಡ್ ಗ್ರ್ಯಾಂಡ್‌ಮದರ್' ಎಂದು ಬರೆಯುತ್ತೇವೆ. ಇಂಗ್ಲಿಷ್‌ಗೆ ಕೊನೆಯ ಹೆಸರಿನ ಮುಂದೆ ಒಂದೇ ಒಂದು 'ಆ್ಯಂಡ್' ಸಾಕು, ಮಿಕ್ಕ ಕಡೆ ಅಲ್ಪವಿರಾಮ. ಇನ್ನು 'ನಾನೂ ನನ್ನ ತಮ್ಮನೂ' ಎನ್ನುವಲ್ಲಿ ಇಂಗ್ಲಿಷ್ ರೂಢಿಯಲ್ಲಿ ನಾನು ಹಿಂದೆ ನಿಲ್ಲಬೇಕು: "ಮೈ ಬ್ರದರ್ ಆ್ಯಂಡ್ ಐ ವೆಂಟ್." ಅಲ್ಲಿ 'ಐ' ಬರಬೇಕೋ 'ಮೀ' ಬರಬೇಕೋ ಎಂಬ ಅನುಮಾನ ಬಂದರೆ ತಮ್ಮನನ್ನು ಬೆರಳಿನಿಂದ ಮುಚ್ಚಿ. "ಐ ವೆಂಟ್" ಸರಿ, "ಅಪ್ಪ ಕಾಲ್ಡ್ ಮೀ" ಸರಿ, ಹಾಗಾಗಿ "ಅಪ್ಪ ಕಾಲ್ಡ್ ಮೈ ಬ್ರದರ್ ಆ್ಯಂಡ್ ಮೀ."

ಮೂರು ವಿನಾಯಿತಿ. 'ಐದರ್–ಆರ್', 'ನೈದರ್–ನಾರ್' ಬಂದರೆ ಕ್ರಿಯಾಪದ ತನ್ನ ಪಕ್ಕದಲ್ಲಿರುವವರ ಮಾತು ಕೇಳುತ್ತದೆ: "ಐದರ್ ಮೈ ಮದರ್ ಆರ್ ಮೈ ಬ್ರದರ್ಸ್ ಗೋ", ಹಿಂದುಮುಂದಾದರೆ "ಐದರ್ ಮೈ ಬ್ರದರ್ಸ್ ಆರ್ ಮೈ ಮದರ್ ಗೋಸ್". 'ಆ್ಯಸ್ ವೆಲ್ ಆ್ಯಸ್', 'ಅಲಾಂಗ್ ವಿತ್' ಬಂದರೆ ಲೆಕ್ಕಕ್ಕೆ ಸಿಗುವುದು ಮೊದಲನೆಯವರು ಮಾತ್ರ: "ಅಜ್ಜಿ, ಅಲಾಂಗ್ ವಿತ್ ಹರ್ ಗ್ರ್ಯಾಂಡ್‌ಸನ್ಸ್, ಲಿವ್ಸ್ ಇನ್ ಮಾಲೂರು." ಮೂರನೆಯದು ಎರಡು ಪದಾರ್ಥ ಸೇರಿ ಒಂದೇ ಊಟ ಆದಾಗ: "ಮುದ್ದೆ ಆ್ಯಂಡ್ ಸೊಪ್ಪಿನ ಸಾರು ಇಸ್ ಅವರ್ ಡಿನ್ನರ್." ನಮ್ಮ ಕಡೆ ಮುದ್ದೆ ಬೇರೆ, ಸಾರು ಬೇರೆ ಅಂತ ಎಣಿಸಿದವರು ಯಾರಿದ್ದಾರೆ!

ಪ್ರೆಡಿಕೇಟ್‌ಗಳನ್ನು ಕೂಡಿಸುವುದು: ಅಸಲು ತೊಡಕು ಇಲ್ಲಿದೆ

ಈ ಭಾಗವನ್ನು ನಿಧಾನವಾಗಿ ಓದಿ. ನನ್ನ ಬಳಿ ಬರುವ ನೋಟ್‌ಬುಕ್ಕುಗಳಲ್ಲಿ ಹೆಚ್ಚಿನ ತಪ್ಪು ಹುಟ್ಟುವುದು ಇಲ್ಲೇ.

"ಬಂಗಾರಪೇಟೆಗೆ ಹೋಗಿ ಪಾನಿಪೂರಿ ತಿಂದು ಬಂದೆವು." ಕೆಲಸ ಮೂರು: ಹೋಗುವುದು, ತಿನ್ನುವುದು, ಬರುವುದು. ಆದರೆ ಪೂರ್ಣ ಕ್ರಿಯಾಪದ ಒಂದೇ, ಕೊನೆಯ 'ಬಂದೆವು'. ಹೋದದ್ದು ಯಾವಾಗ, ಹೋದವರು ಯಾರು ಎಂಬುದನ್ನು 'ಹೋಗಿ', 'ತಿಂದು' ಹೇಳುವುದಿಲ್ಲ. ಅವು ಕೊನೆಯ ಡಬ್ಬಿಯ ಎಂಜಿನ್ನನ್ನು ನಂಬಿಕೊಂಡ ರೈಲಿನ ಬೋಗಿಗಳು. ಕಾಲ, ಪುರುಷ, ವಚನ ಎಲ್ಲವನ್ನೂ 'ಬಂದೆವು' ಒಂದೇ ಹೊರುತ್ತದೆ. ಮನೆಯಲ್ಲಿ ತೆಲುಗು ಮಾತಾಡುವ ಮಕ್ಕಳಿಗೂ ಇದೇ ಅಭ್ಯಾಸ, ಆ ಭಾಷೆಯ ರಚನೆಯೂ ಹೀಗೇ.

ಇಂಗ್ಲಿಷ್‌ನ ಕೂಡು ಪ್ರೆಡಿಕೇಟ್‌ನಲ್ಲಿ ಪ್ರತಿ ಬೋಗಿಗೂ ಅದರದೇ ಎಂಜಿನ್: "ವಿ ವೆಂಟ್ ಟು ಬಂಗಾರಪೇಟೆ, ಏಟ್ ಪಾನಿಪೂರಿ ಆ್ಯಂಡ್ ಕೇಮ್ ಬ್ಯಾಕ್." ವೆಂಟ್, ಏಟ್, ಕೇಮ್, ಮೂರೂ ಭೂತಕಾಲ. ಕನ್ನಡದ ಅಭ್ಯಾಸದಲ್ಲಿ ಬರೆದರೆ ಎರಡು ಬಗೆಯ ತಪ್ಪು ಬರುತ್ತದೆ. "ವಿ ಗೋಯಿಂಗ್ ಟು ಬಂಗಾರಪೇಟೆ, ಈಟಿಂಗ್ ಪಾನಿಪೂರಿ ಕೇಮ್ ಬ್ಯಾಕ್" ಎಂದು 'ಹೋಗಿ'ಯನ್ನು 'ಗೋಯಿಂಗ್' ಮಾಡುವುದು ಒಂದು. "ವಿ ವೆಂಟ್ ಆ್ಯಂಡ್ ಈಟ್ ಆ್ಯಂಡ್ ಕಮ್" ಎಂದು ಒಂದು ಕ್ರಿಯಾಪದಕ್ಕೆ ಮಾತ್ರ ಕಾಲ ಕೊಟ್ಟು ಮಿಕ್ಕವನ್ನು ಅನಾಥ ಮಾಡುವುದು ಇನ್ನೊಂದು.

ಹಾಗಾದರೆ ಮಾಡಬೇಕಾದ್ದು: ಕನ್ನಡ ವಾಕ್ಯದಲ್ಲಿ 'ಹೋಗಿ', 'ತಿಂದು', 'ತುಂಬಿ', 'ಕೊಟ್ಟು' ಇಂಥವನ್ನೆಲ್ಲ ಗುರುತು ಹಾಕಿ. ಒಂದೊಂದನ್ನೂ ಪೂರ್ಣ ಕ್ರಿಯಾಪದ ಮಾಡಿ: ಹೋದೆವು, ತಿಂದೆವು, ಬಂದೆವು. ಅವನ್ನು ಇಂಗ್ಲಿಷ್‌ಗೆ ತನ್ನಿ. ಸಬ್ಜೆಕ್ಟ್ ಮೊದಲಿಗೆ ಒಂದೇ ಸಲ ಇರಲಿ, ಕೊನೆಯ ಕ್ರಿಯಾಪದದ ಮುಂದೆ 'ಆ್ಯಂಡ್' ಇಡಿ. ಅಪ್ಪನ ಕೆಲಸ ಹೀಗೆ ಕೂಡುತ್ತದೆ: "ಮೈ ಫಾದರ್ ಪ್ಯಾಕ್ಸ್ ದೆಮ್ ಇನ್ ಬಾಕ್ಸಸ್ ಆ್ಯಂಡ್ ಟೇಕ್ಸ್ ದೆಮ್ ಟು ದಿ ಮಾರ್ಕೆಟ್." ಪ್ಯಾಕ್ಸ್ ಎಂದ ಮೇಲೆ ಟೇಕ್ಸ್. ಟೇಕ್ ಅಲ್ಲ, ಟೇಕಿಂಗ್ ಅಲ್ಲ.

ಎರಡೇ ಕ್ರಿಯಾಪದ ಇದ್ದಾಗ 'ಆ್ಯಂಡ್' ಮುಂದೆ ಅಲ್ಪವಿರಾಮ ಸಾಮಾನ್ಯವಾಗಿ ಬೇಡ. ಅಪ್ಪ ಒಬ್ಬರೇ ಎರಡು ಕೆಲಸ ಮಾಡುತ್ತಿದ್ದಾರೆ; ನಡುವೆ ಗೇಟು ಹಾಕಿ ಏನು ಪ್ರಯೋಜನ?

ಸಹಾಯಕ ಕ್ರಿಯಾಪದ ಇದ್ದರೆ ಅದನ್ನು ಹಂಚಿಕೊಳ್ಳಬಹುದು: "ಅಮ್ಮ ಹ್ಯಾಸ್ ವಾಶ್ಡ್ ಆ್ಯಂಡ್ ಕಟ್ ದಿ ಗ್ರೀನ್ಸ್." ಒಂದೇ 'ಹ್ಯಾಸ್' ಎರಡಕ್ಕೂ ಸಾಕು, ಒಂದೇ ಸೊಪ್ಪು ಎರಡಕ್ಕೂ ಸಾಕು.

'ಮಳೆ ಬಂದು ಕೆರೆ ತುಂಬಿತು'

'ಹೋಗಿ', 'ತಿಂದು' ಇವುಗಳಿಗೆ ಹತ್ತಿರದ ರೂಪ ಇಂಗ್ಲಿಷ್‌ನಲ್ಲಿ ಇಲ್ಲವೇ ಇಲ್ಲ ಅಂದರೆ ಸುಳ್ಳಾಗುತ್ತದೆ. "ಹ್ಯಾವಿಂಗ್ ಪ್ಯಾಕ್ಡ್ ದಿ ಬಾಕ್ಸಸ್, ಅಪ್ಪ ಲೆಫ್ಟ್ ಫಾರ್ ದಿ ಮಾರ್ಕೆಟ್." ಬಾಕ್ಸಿಗೆ ತುಂಬಿ ಅಪ್ಪ ಹೊರಟರು. ಚೆನ್ನಾಗಿದೆ. ಆದರೆ ಇದಕ್ಕೊಂದು ಷರತ್ತು: ತುಂಬಿದವರೂ ಹೊರಟವರೂ ಒಬ್ಬರೇ ಆಗಿರಬೇಕು.

ಕನ್ನಡ ಈ ವಿಷಯದಲ್ಲಿ ಉದಾರಿ. ಒಂದರಿಂದ ಇನ್ನೊಂದು ಆಯಿತು ಎನ್ನುವಾಗ ಕರ್ತೃ ಬೇರೆಯಾದರೂ ತಕರಾರಿಲ್ಲ. ಮಳೆ ಬಂದು ಕೆರೆ ತುಂಬಿತು. ಬಂದದ್ದು ಮಳೆ, ತುಂಬಿದ್ದು ಕೆರೆ. ನಮಗೆ ಏನೂ ಅನಿಸುವುದಿಲ್ಲ. ಇದನ್ನೇ "ಹ್ಯಾವಿಂಗ್ ರೇನ್ಡ್, ದಿ ಟ್ಯಾಂಕ್ ಫಿಲ್ಡ್" ಎಂದರೆ ಇಂಗ್ಲಿಷ್ ಕಿವಿಗೆ ಕೆರೆಯೇ ಮಳೆ ಸುರಿಸಿದ ಹಾಗೆ ಕೇಳುತ್ತದೆ. ಶಾಲೆಯಿಂದ ಅಂತರಗಂಗೆಗೆ ಹೋಗಿ ಬಂದ ಹುಡುಗಿಯೊಬ್ಬಳು ಬರೆದಿದ್ದಳು: "ಕ್ಲೈಂಬಿಂಗ್ ದಿ ಹಿಲ್, ದಿ ಸ್ಟೋನ್ ಬುಲ್ ವಾಸ್ ಸೀನ್." ಬೆಟ್ಟ ಹತ್ತಿದ್ದು ಬಸವ! ಟ್ಯೂಷನ್ನಿನಲ್ಲಿ ಎಲ್ಲರೂ ನಕ್ಕರು, ಅವಳೂ ನಕ್ಕಳು. ಸರಿಮಾಡಿದ್ದು: "ಕ್ಲೈಂಬಿಂಗ್ ದಿ ಹಿಲ್, ವಿ ಸಾ ದಿ ಸ್ಟೋನ್ ಬುಲ್." ಅಲ್ಪವಿರಾಮದ ಆಚೆ ಮೊದಲು ನಿಂತವರೇ ಬೆಟ್ಟ ಹತ್ತಿದವರು, ಇಷ್ಟು ನೆನಪಿದ್ದರೆ ಸಾಕು.

ಮಳೆ–ಕೆರೆಯ ಥರ ಕರ್ತೃ ಇಬ್ಬರಿದ್ದರೆ 'ಇಂಗ್' ರೂಪ ಬಿಟ್ಟುಬಿಡಿ. "ಇಟ್ ರೇನ್ಡ್, ಆ್ಯಂಡ್ ದಿ ಟ್ಯಾಂಕ್ ಫಿಲ್ಡ್" ಅನ್ನಿ, ಇಲ್ಲ "ದಿ ಟ್ಯಾಂಕ್ ಫಿಲ್ಡ್ ಬಿಕಾಸ್ ಇಟ್ ರೇನ್ಡ್" ಅನ್ನಿ.

ಎರಡು ಪೂರ್ತಿ ವಾಕ್ಯಗಳು, ಸರಿಸಮ

ಕರ್ತೃವೂ ಬೇರೆ, ಕೆಲಸವೂ ಬೇರೆ, ಎರಡೂ ತಮ್ಮ ಕಾಲ ಮೇಲೆ ನಿಲ್ಲುತ್ತವೆ. "ದಿ ಮೈನ್ಸ್ ಕ್ಲೋಸ್ಡ್ ಇನ್ 2001. ದಿ ಸೈನೈಡ್ ಹಿಲ್ಸ್ ಆರ್ ಸ್ಟಿಲ್ ದೇರ್." ಚಿನ್ನದ ಗಣಿಯ ಊರಾದ ನಮ್ಮ ಕೆಜಿಎಫ್ ನೋಡಿದವರಿಗೆ ಆ ಸೈನೈಡ್ ಗುಡ್ಡಗಳನ್ನು, ಅಂದರೆ ಗಣಿಯ ತ್ಯಾಜ್ಯದ ರಾಶಿಗಳನ್ನು, ಹೇಳಿಕೊಡಬೇಕಿಲ್ಲ. ಇವನ್ನು ಕೂಡಿಸಲು ಏಳು ಪುಟ್ಟ ಪದಗಳಿವೆ: ಫಾರ್, ಆ್ಯಂಡ್, ನಾರ್, ಬಟ್, ಆರ್, ಯೆಟ್, ಸೋ. ನಿತ್ಯದ ಬರವಣಿಗೆಗೆ ಆ್ಯಂಡ್, ಬಟ್, ಆರ್, ಸೋ ನಾಲ್ಕೇ ಸಾಕು. ಪದದ ಮುಂದೆ ಅಲ್ಪವಿರಾಮ: "ದಿ ಮೈನ್ಸ್ ಕ್ಲೋಸ್ಡ್ ಇನ್ 2001, ಬಟ್ ದಿ ಸೈನೈಡ್ ಹಿಲ್ಸ್ ಆರ್ ಸ್ಟಿಲ್ ದೇರ್."

ಕನ್ನಡದಲ್ಲಿ "ಬೆಲ್ ಹೊಡೆಯಿತು, ಮಕ್ಕಳು ಓಡಿದರು" ಎಂದು ಬರೀ ಅಲ್ಪವಿರಾಮದಲ್ಲಿ ಎರಡು ವಾಕ್ಯ ಹೆಣೆಯುತ್ತೇವೆ, ಓದಲು ಸೊಗಸಾಗಿಯೂ ಇರುತ್ತದೆ. ಇಂಗ್ಲಿಷ್ ಪರೀಕ್ಷೆಯಲ್ಲಿ "ದಿ ಬೆಲ್ ರ‍್ಯಾಂಗ್, ದಿ ಚಿಲ್ಡ್ರನ್ ರ‍್ಯಾನ್" ಎಂದರೆ ತಪ್ಪೆಂದೇ ಎಣಿಸುತ್ತಾರೆ. ಅಲ್ಪವಿರಾಮದ ಜೊತೆ ಏಳರಲ್ಲಿ ಒಂದು ಪದ ಬೇಕು, ಅಥವಾ ಪೂರ್ಣವಿರಾಮ, ಅಥವಾ ಅರ್ಧವಿರಾಮ. 'ಹೌಎವರ್', 'ದೇರ್‌ಫೋರ್' ಈ ಏಳರ ಗುಂಪಿಗೆ ಸೇರಿದವಲ್ಲ. ಎರಡು ವಾಕ್ಯಗಳ ನಡುವೆ ಅವು ಬಂದರೆ ಹಿಂದೆ ಅರ್ಧವಿರಾಮವನ್ನೋ ಪೂರ್ಣವಿರಾಮವನ್ನೋ ಕೇಳುತ್ತವೆ.

ಇನ್ನೊಂದು: ಕನ್ನಡದ ಕ್ರಿಯಾಪದವೇ ಯಾರೆಂದು ಹೇಳುವುದರಿಂದ ನಾವು ಕರ್ತೃವನ್ನು ಸುಲಭವಾಗಿ ಬಿಡುತ್ತೇವೆ. 'ಬಂದೆ' ಅಂದರೆ ನಾನೇ. ಇಂಗ್ಲಿಷ್ ಉಪವಾಕ್ಯಕ್ಕೆ ತನ್ನದೇ ಸಬ್ಜೆಕ್ಟ್ ಬೇಕು. "ದಿ ಬಸ್ ವಾಸ್ ಲೇಟ್, ಸೋ ವಾಕ್ಡ್ ಹೋಮ್" ಆಗುವುದಿಲ್ಲ. "ಸೋ ಐ ವಾಕ್ಡ್ ಹೋಮ್".

ಒಂದಕ್ಕೊಂದು ಒರಗಿದ ವಾಕ್ಯಗಳು

'ಬಿಕಾಸ್', 'ವೆನ್', 'ಇಫ್', 'ಆಲ್ದೋ' ಇವುಗಳಲ್ಲಿ ಒಂದನ್ನು ತಲೆಗೆ ಕಟ್ಟಿದ ಕೂಡಲೇ ಆ ವಾಕ್ಯ ಒಂಟಿಯಾಗಿ ನಿಲ್ಲಲಾರದು. 2023ರ ಜುಲೈನಲ್ಲಿ ನಮ್ಮ ಎಪಿಎಂಸಿಯಲ್ಲಿ ಟೊಮೇಟೊ 15 ಕೆಜಿ ಬಾಕ್ಸಿಗೆ 2,000 ರೂಪಾಯಿ ದಾಟಿತ್ತಲ್ಲ, ಆಗ ರಾತ್ರಿ ತೋಟ ಕಾಯಲು ಕೂತವರಿದ್ದರು. "ಫಾರ್ಮರ್ಸ್ ಗಾರ್ಡೆಡ್ ದೇರ್ ಫೀಲ್ಡ್ಸ್ ಬಿಕಾಸ್ ದಿ ಪ್ರೈಸ್ ವಾಸ್ ಹೈ." ಕಾರಣ ಮುಂದೆ ಬಂದರೆ ನಡುವೆ ಅಲ್ಪವಿರಾಮ: "ಬಿಕಾಸ್ ದಿ ಪ್ರೈಸ್ ವಾಸ್ ಹೈ, ಫಾರ್ಮರ್ಸ್ ಗಾರ್ಡೆಡ್ ದೇರ್ ಫೀಲ್ಡ್ಸ್."

ಈ ಎರಡನೆಯ ವಾಕ್ಯಕ್ಕೆ 'ಸೋ' ಸೇರಿಸುವ ಚಪಲ ಎಲ್ಲರಿಗೂ ಇದೆ. 'ಯಾಕಂದ್ರೆ ರೇಟ್ ಜಾಸ್ತಿ ಇತ್ತು, ಅದಕ್ಕೇ ಕಾವಲು ಕೂತ್ರು' ಎಂದು ಬಾಯಿಗೆ ಬರುತ್ತದೆ. ಇಂಗ್ಲಿಷ್‌ನಲ್ಲಿ ಒಂದು ಬಾಗಿಲಿಗೆ ಒಂದೇ ಚಿಲಕ: ಬಿಕಾಸ್ ಇದ್ದರೆ ಸೋ ಬೇಡ, ಆಲ್ದೋ ಇದ್ದರೆ ಬಟ್ ಬೇಡ. ಇದನ್ನು ಇಷ್ಟು ಧೈರ್ಯವಾಗಿ ಹೇಳುವ ನಾನೇ ಮೊದಲ ಕೆಲಸಕ್ಕೆ ಹಾಕಿದ ಅರ್ಜಿಯಲ್ಲಿ "ಆಲ್ದೋ ಐ ಹ್ಯಾವ್ ನೋ ಎಕ್ಸ್‌ಪೀರಿಯೆನ್ಸ್, ಬಟ್ ಐ ಆ್ಯಮ್ ಹಾರ್ಡ್ ವರ್ಕಿಂಗ್" ಎಂದು ಬರೆದಿದ್ದೆ. ಅದೂ ಇಂಗ್ಲಿಷ್ ಟೀಚರ್ ಹುದ್ದೆಗೆ. ಕೆಲಸ ಸಿಗಲಿಲ್ಲ.

ಹೆಸರನ್ನು ವಿವರಿಸುವ ಉಪವಾಕ್ಯ ಕನ್ನಡದಲ್ಲಿ ಹೆಸರಿಗಿಂತ ಮುಂಚೆ ಬರುತ್ತದೆ, ಇಂಗ್ಲಿಷ್‌ನಲ್ಲಿ ಆಮೇಲೆ. 'ನಿನ್ನೆ ಬಂದ ವ್ಯಾಪಾರಿ' ತಿರುಗಿ ನಿಂತು "ದಿ ಟ್ರೇಡರ್ ಹೂ ಕೇಮ್ ಯೆಸ್ಟರ್‌ಡೇ" ಆಗುತ್ತಾನೆ. ಹಾಗಾಗಿ ಕನ್ನಡದಲ್ಲಿ ಮೊದಲು ವ್ಯಾಪಾರಿಯನ್ನು ಹಿಡಿದು ಬರೆಯಿರಿ, ಪಕ್ಕದಲ್ಲೇ 'ಹೂ' ಇಡಿ, ವಿವರ ಆಮೇಲೆ. ಮನುಷ್ಯರಿಗೆ ಹೂ, ವಸ್ತುಗಳಿಗೆ ವಿಚ್ ಅಥವಾ ದಟ್. ಯಾರೆಂದು ಮೊದಲೇ ಗೊತ್ತಿದ್ದು ವಿವರ ಬರೀ ಹೆಚ್ಚುವರಿ ಮಾಹಿತಿಯಾದರೆ ಎರಡೂ ಕಡೆ ಅಲ್ಪವಿರಾಮ: "ಮಾಸ್ತಿ, ಹೂ ವಾಸ್ ಬಾರ್ನ್ ಇನ್ 1891, ವನ್ ದಿ ಜ್ಞಾನಪೀಠ ಅವಾರ್ಡ್ ಫಾರ್ 1983." ಯಾವ ವ್ಯಾಪಾರಿ ಎಂದು ಗುರುತಿಸುವುದೇ ಆ ವಿವರವಾದರೆ ಅಲ್ಪವಿರಾಮ ಬೇಡ.

'ಅಂತ' ಬಂದಾಗ ಒಂದು ಎಚ್ಚರ. "ಬರ್ತೀನಿ ಅಂತ ಹೇಳಿದ" ಎನ್ನುವುದನ್ನು "ಹೀ ಸೆಡ್ ದಟ್ ಐ ವಿಲ್ ಕಮ್" ಎಂದು ಬರೆದರೆ ಬರುವವರು ನೀವಾಗುತ್ತೀರಿ. "ಹೀ ಸೆಡ್ ದಟ್ ಹೀ ವುಡ್ ಕಮ್."

ಆ ಹುಡುಗನ ಪ್ಯಾರಾ

ಪೆನ್ಸಿಲ್ ಗೆರೆ ಎಳೆದು ಮುಗಿಸಿದ ಮೇಲೆ ಹುಡುಗನೇ ಕೂಡಿಸುತ್ತಾ ಹೋದ. ಮೊದಲ ಎರಡು ವಾಕ್ಯಕ್ಕೆ 'ಆ್ಯಂಡ್' ಹಾಕಿದ. ತಪ್ಪಲ್ಲ, ಆದರೆ ರೈತರಾಗಿರುವುದೂ ಟೊಮೇಟೊ ಬೆಳೆಯುವುದೂ ಎರಡು ಬೇರೆ ಸುದ್ದಿಯಲ್ಲವಲ್ಲ. "ಅದನ್ನು ಹೂ ಒಳಗೆ ಇಟ್ಟರೆ ಮಿಸ್?" ಅಂದ. ಇಡು ಅಂದೆ. ಅಮ್ಮನನ್ನೂ ಅಜ್ಜಿಯನ್ನೂ ಕೂಡಿಸಿ ಪ್ಲಕ್ಸ್‌ನ ಎಸ್ ಹೊಡೆದುಹಾಕಿದ. ಪ್ಯಾಕ್ಸ್, ಟೇಕ್ಸ್ ಜೊತೆಯಾದವು. ರೇಟು ಇಲ್ಲದ್ದಕ್ಕೆ 'ಆಲ್ದೋ' ಬರೆದು, ಅಭ್ಯಾಸಬಲದಿಂದ 'ಬಟ್' ಕೂಡ ಬರೆದು, ನನ್ನ ಮುಖ ನೋಡಿ ತಾನೇ ಅಳಿಸಿದ.

"ಮೈ ಫಾದರ್, ಹೂ ಇಸ್ ಎ ಫಾರ್ಮರ್, ಗ್ರೋಸ್ ಟೊಮ್ಯಾಟೋಸ್. ಮೈ ಮದರ್ ಆ್ಯಂಡ್ ಗ್ರ್ಯಾಂಡ್‌ಮದರ್ ಪ್ಲಕ್ ದೆಮ್, ಆ್ಯಂಡ್ ಮೈ ಫಾದರ್ ಪ್ಯಾಕ್ಸ್ ದೆಮ್ ಇನ್ ಬಾಕ್ಸಸ್ ಆ್ಯಂಡ್ ಟೇಕ್ಸ್ ದೆಮ್ ಟು ದಿ ಮಾರ್ಕೆಟ್. ಆಲ್ದೋ ದಿ ಪ್ರೈಸ್ ವಾಸ್ ಲೋ ಯೆಸ್ಟರ್‌ಡೇ, ಹೀ ಸೋಲ್ಡ್ ದೆಮ್."

ಒಂಬತ್ತು ವಾಕ್ಯದಲ್ಲಿ ಎಂಟು ಸೇರಿ ಮೂರಾದವು. ನಡುವಿನದು ಸ್ವಲ್ಪ ಉದ್ದವೇ. ಒಂದೇ ಉಸಿರಿನಲ್ಲಿ ಓದಲಾಗದವರು ಅಮ್ಮ–ಅಜ್ಜಿಯ ಹತ್ತಿರ ಪೂರ್ಣವಿರಾಮ ಇಟ್ಟು ಮುರಿದರೂ ನಷ್ಟವಿಲ್ಲ. ಉಳಿದದ್ದು "ಹೀ ಡಿಡ್ ನಾಟ್ ಈಟ್ ಎನಿಥಿಂಗ್ ಅಟ್ ನೈಟ್". ಅದನ್ನೂ 'ಬಟ್' ಹಾಕಿ ಸೇರಿಸಿಬಿಡು ಅಂತ ನಾನೇ ಹೇಳಿದೆ. ಪೆನ್ಸಿಲ್ ಕಚ್ಚುತ್ತಾ ಸ್ವಲ್ಪ ಹೊತ್ತು ನೋಡಿದ.

"ಬೇಡ ಮಿಸ್, ಅದು ಹಂಗೇ ಇರ್ಲಿ" ಅಂದ. ಸರಿ ಅಂತ ಟಿಕ್ ಹಾಕಿದೆ.